ಟ್ಯಾಂಕು ಅರ್ಧಕ್ಕಿಳಿದಾಗ

ನನಗೆ ಸಿಟ್ಟು ಬೇಗ ಬರುತ್ತದೆ. ಅಂಕೋಲೆಯಲ್ಲಿ ಗ್ಯಾರೇಜು ಹಾಕಿ ಮೂವತ್ತೊಂದು ವರ್ಷವಾಯಿತು, ಗಿರಾಕಿಗಳಿಗೆಲ್ಲ ಇದು ಗೊತ್ತು. ಗಾಡಿಗೆ ಏನಾಗುತ್ತಿದೆ ಎಂದು ಹೇಳುವುದು ಬಿಟ್ಟು ಯಾವ ಪಾರ್ಟು ಬದಲಿಸಬೇಕು ಎಂದು ಅವರೇ ಶುರು ಮಾಡಿದರೆ ನಾನು ಪಾನಾ ಕೆಳಗಿಟ್ಟು ಚಹಾ ಕುಡಿಯಲು ಹೋಗಿಬಿಡುತ್ತೇನೆ. ತುಳಸಿದಾಸನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎನ್ನುತ್ತಾರೆ ಜನ. ಹೋದ ಚಳಿಗಾಲದಲ್ಲಿ ಆ ಕೈಯೂ ಕೆಟ್ಟಿತು. ಪೆಟ್ಟು ಬಿದ್ದದ್ದು ಮಾತ್ರ ದೇವಿಗೆ.

ದೇವಿ ಬೇಲೆಕೇರಿ ಕಡೆಯ ಬೀರು ಗೌಡನ ಹೆಂಡತಿ. ಬೀರುವಿನದು ಹದಿನೇಳು ವರ್ಷದ ಹಳೆಯ ಡೀಸೆಲ್ ಪಿಕಪ್. ಭಾನುವಾರ ಆ ಕಡೆಯ ಹೆಂಗಸರ ತರಕಾರಿ ಬುಟ್ಟಿಗಳನ್ನು ಕಾರವಾರದ ಸಂತೆಗೆ ಒಯ್ಯುವುದು, ಉಳಿದ ದಿನ ಹಂಚು, ಗೊಬ್ಬರ, ಮೀನಿನ ಪೆಟ್ಟಿಗೆ, ಏನು ಸಿಕ್ಕಿದರೆ ಅದು. ಒಂದು ದಿನ ಐಸ್ ಪೆಟ್ಟಿಗೆ ಇಳಿಸುವಾಗ ಬೀರುವಿನ ಸೊಂಟ ಹಿಡಿದುಕೊಂಡಿತು. ಇನ್ನು ಗಾಡಿ ಹೊಡೆಯುವ ಹಾಗಿಲ್ಲ ಎಂದರು ಡಾಕ್ಟರು. ಪಿಕಪ್ ಅಂಗಳದಲ್ಲಿ ನಿಂತಿತು, ಟೈರಿನ ಸುತ್ತ ಹುಲ್ಲು ಬಂತು. ಆರು ತಿಂಗಳು ಅದನ್ನು ನೋಡಿ ನೋಡಿ ದೇವಿಗೆ ತಡೆಯಲಾಗಲಿಲ್ಲ. ಹಿಂದೆ ಬಂದರಿನವರು ಅದಿರು ರಾಶಿ ಹಾಕುತ್ತಿದ್ದ ಬಯಲಿಗೆ ಹೋಗಿ ಗೇರು ಹಾಕುವುದು, ರಿವರ್ಸ್ ತೆಗೆಯುವುದು ಎಲ್ಲ ಕಲಿತಳು. ಲೈಸೆನ್ಸ್ ಮಾಡಿಸಿಕೊಂಡಳು. ಸೆಪ್ಟೆಂಬರಿನಲ್ಲಿ ಮೊದಲ ಸಲ ಬುಟ್ಟಿಗಳನ್ನು ಹೇರಿಕೊಂಡು ತಾನೇ ಸಂತೆಗೆ ಹೋದಳು. ನನ್ನ ಗ್ಯಾರೇಜಿನ ಎದುರಿಂದಲೇ ಹೋದದ್ದು. ಸೀರೆ ಉಟ್ಟವಳು ಪಿಕಪ್ ಹೊಡೆಯುವುದನ್ನು ನೋಡಿ ಎದುರಿನ ಚಹಾದಂಗಡಿಯವರು ನಕ್ಕರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ.

ನವೆಂಬರಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯಲು ಶುರು ಮಾಡಿತು. ನಾಲ್ಕು ಸಿಲಿಂಡರಿನಲ್ಲಿ ಒಂದು ಸರಿಯಾಗಿ ಉರಿಯದೆ ಎಂಜಿನ್ ಕುಂಟುವುದಕ್ಕೆ ನಾವು ಹಾಗೆನ್ನುತ್ತೇವೆ. ದೇವಿ ಗಾಡಿ ತಂದಳು. ಜೊತೆಗೆ ಬೀರುವಿನ ಅಣ್ಣ ಹುಲಿಯಾ ಬಂದಿದ್ದ. ಅವನೂ ಡ್ರೈವರೇ, ಬೇರೆಯವರ ಟೆಂಪೋ ಹೊಡೆಯುತ್ತಿದ್ದ.

ಹಳೆಯ ಡೀಸೆಲ್ ಎಂಜಿನಿನಲ್ಲಿ ಕೆಟ್ಟ ಸಿಲಿಂಡರ್ ಹುಡುಕುವುದಕ್ಕೆ ಕಂಪ್ಯೂಟರ್ ಬೇಡ. ಎಂಜಿನ್ ಚಾಲೂ ಇಟ್ಟು, ಪ್ರತಿ ಸಿಲಿಂಡರಿಗೆ ಡೀಸೆಲ್ ಒಯ್ಯುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತ ಹೋಗಬೇಕು. ಸರಿಯಿರುವ ಸಿಲಿಂಡರಿನದು ಸಡಿಲಿಸಿದರೆ ಶಬ್ದ ಬದಲಾಗುತ್ತದೆ. ಕೆಟ್ಟದ್ದರದು ಸಡಿಲಿಸಿದರೆ ಏನೂ ಆಗುವುದಿಲ್ಲ, ಅದು ಮೊದಲೇ ಸತ್ತಿರುತ್ತದಲ್ಲ. ಅವತ್ತು ಮೂರನೆಯದು ಬದಲಾಗಲಿಲ್ಲ. ಅದರೊಳಗೆ ಡೀಸೆಲ್ ಸಿಂಪಡಿಸುವ ನೋಝಲ್ ಬಿಚ್ಚಿ ರಿಪೇರಿ ಮಾಡಿಸಿ, ಪೈಪಿನ ಗಾಳಿ ತೆಗೆದು ಕೊಟ್ಟೆ. ಗಾಡಿ ಚೆಂದ ಓಡಿತು.

ಹದಿನೈದು ದಿನಕ್ಕೆ ಮತ್ತೆ ಬಂತು. ಈ ಸಲ ನಟ್ಟು ಸಡಿಲಿಸಿದರೆ ಸತ್ತದ್ದು ಎರಡನೆಯದು. ಕೆಟ್ಟ ಸಿಲಿಂಡರ್ ಜಾಗ ಬದಲಿಸುವುದಿಲ್ಲ, ಬದಲಿಸಿದರೆ ರೋಗ ಬೇರೆಲ್ಲೋ ಇದೆ ಎಂದರ್ಥ. ಇದನ್ನು ಕೆಲಸ ಕಲಿಯಲು ಬಂದವರಿಗೆಲ್ಲ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಅವತ್ತು ಗ್ಯಾರೇಜಿನಲ್ಲಿ ನಾಲ್ಕು ಗಾಡಿ ನಿಂತಿದ್ದವು, ತಲೆ ಕಾದಿತ್ತು. ಹುಲಿಯಾ ಬೇರೆ ಪಕ್ಕದಲ್ಲಿ ನಿಂತು ಪಿಟಿಪಿಟಿ ಮಾಡುತ್ತಿದ್ದ.

"ದಾಸಣ್ಣ, ತಮ್ಮ ಹೊಡೀವಾಗ ಹದಿನಾರು ವರ್ಷ ಒಂದ್ ದಿನ ಹೀಂಗ್ ಆಗ್ಲಿಲ್ಲ."

"ಎಂಜಿನಿಗೆ ಎಂತಾ ರೋಗವೂ ಇಲ್ಲ. ಹೊಡಿಯೋ ಕೈ ಬದಲಾಯ್ತಲ್ಲ, ಅದೇ ರೋಗ" ಎಂದುಬಿಟ್ಟೆ.

ಚಹಾದಂಗಡಿಯವರೆಗೂ ಕೇಳಿಸುವ ಹಾಗೆ ಅಂದೆ. ದೇವಿ ಗಾಡಿ ಹತ್ತಿ ಹೋದಳು, ಗಾಡಿ ಕುಂಟುತ್ತಲೇ ಹೋಯಿತು.

ಆಮೇಲೆ ಹುಲಿಯಾ ಎರಡು ದಿನ ತಾನೇ ಗಾಡಿ ಹೊಡೆದು ನೋಡಿದನಂತೆ. ಒಂದೇ ಒಂದು ಸಲ ಮಿಸ್ಸಾಗಲಿಲ್ಲ. ಅದನ್ನು ಹೇಳಲೆಂದೇ ಗ್ಯಾರೇಜಿಗೆ ಬಂದ. ನನಗೂ ಒಳಗೊಳಗೇ ಖುಷಿಯಾಯಿತು, ನನ್ನ ಮಾತು ನಿಜವಾಯಿತಲ್ಲ ಎಂದು. ಜನವರಿಯಲ್ಲಿ ಅವರ ಮನೆಯಲ್ಲಿ ತೀರ್ಮಾನವಾಯಿತು. ಬರುವ ಭಾನುವಾರದಿಂದ ಪಿಕಪ್ ಹುಲಿಯಾನ ಕೈಗೆ, ದೇವಿ ಮೊದಲಿನ ಹಾಗೆ ಗದ್ದೆ ಕೂಲಿಗೆ. ಬೀರುವೂ ಆಗಲಿ ಎಂದನಂತೆ.

ಆ ಭಾನುವಾರದ ಹಿಂದಿನ ದಿನ ಬೆಳಿಗ್ಗೆ ದೇವಿ ಒಬ್ಬಳೇ ಗಾಡಿ ತಂದಳು. ಕೈಯಲ್ಲಿ ಒಂದು ಸಪೂರ ಬಿದಿರು ಕಡ್ಡಿ ಇತ್ತು.

"ದಾಸಣ್ಣ, ಬೈಬೇಡಿ. ಒಂದ್ ಮಾತ್ ಹೇಳ್ತೆ, ಕೇಳಿ."

"ಹೇಳು."

"ಟಾಕಿ ತುಂಬ ಡೀಸೆಲ್ ಇದ್ರೆ ಗಾಡಿ ಸರಿ ಇರ್ತದೆ. ಅರ್ಧಕ್ಕೆ ಇಳಿದ್ರೆ ಮಿಸ್ಸಿಂಗ್ ಸುರು. ಬಾವ ಎರಡ್ ದಿನವೂ ಟಾಕಿ ತುಂಬ್ಸಿಯೇ ಹೊರಟದ್ದು. ನಾ ದಿನಾ ಸ್ವಲ್ಪ ಸ್ವಲ್ಪ ಹಾಕ್ಸೂದು."

ಡೀಸೆಲ್ ಮೀಟರು ಕೆಟ್ಟು ಎಷ್ಟೋ ವರ್ಷವಾಗಿದ್ದರಿಂದ ಅವಳು ದಿನಾ ಬೆಳಿಗ್ಗೆ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುತ್ತಿದ್ದಳು. ಮಿಸ್ಸಿಂಗ್ ಬಂದ ದಿನ ಡೀಸೆಲ್ ಎಲ್ಲಿಯವರೆಗೆ ಇತ್ತೋ ಅಲ್ಲಿ ಕತ್ತಿಯಿಂದ ಗೀರು ಹಾಕಿದ್ದಳು. ಹತ್ತು ಹನ್ನೆರಡು ಗೀರು, ಎಲ್ಲವೂ ಕಡ್ಡಿಯ ಕೆಳಗಿನ ಅರ್ಧದಲ್ಲಿ.

"ಟಾಕಿಗೂ ಮಿಸ್ಸಿಂಗಿಗೂ ಎಂತಾ ಸಂಬಂಧ ಮಾರಾಯ್ತಿ, ನೀ ನಂಗೆ..." ಎಂದು ಶುರು ಮಾಡಿದವನ ಬಾಯಿ ಅಲ್ಲಿಗೇ ನಿಂತಿತು. ಸಂಬಂಧ ಇದೆ. ಡೀಸೆಲ್ ಎಳೆದುಕೊಳ್ಳುವ ಪೈಪಿನಲ್ಲಿ ತೂತಿದ್ದು, ಟ್ಯಾಂಕಿನ ಡೀಸೆಲ್ ಆ ತೂತಿಗಿಂತ ಮೇಲಿದ್ದರೆ ಒಂದೆರಡು ಹನಿ ಜಿನುಗುತ್ತದೆ, ಅಷ್ಟೆ. ಡೀಸೆಲ್ ಕೆಳಗಿಳಿದರೆ ಪಂಪು ಅದೇ ತೂತಿನಿಂದ ಗಾಳಿ ಎಳೆಯುತ್ತದೆ. ಗಾಳಿಯ ಗುಳ್ಳೆ ಯಾವ ಸಿಲಿಂಡರಿಗೆ ಹೋಯಿತೋ ಆ ಹೊತ್ತಿಗೆ ಅದು ಸತ್ತ ಹಾಗೆ. ಇವತ್ತು ಎರಡನೆಯದು, ನಾಳೆ ಮೂರನೆಯದು. ನಾನು ನೋಝಲ್ ಹಾಕಿದಾಗ ಗಾಡಿ ಸರಿಯಾದದ್ದು ನೋಝಲಿನಿಂದಲ್ಲ, ಗಾಳಿ ತೆಗೆದದ್ದರಿಂದ.

ಪಂಪಿನ ಹತ್ತಿರ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿದೆ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವಂಥದ್ದು. ಎಂಜಿನ್ ಚಾಲೂ ಮಾಡಿಸಿದೆ. ಡೀಸೆಲಿನ ಜೊತೆ ಗುಳ್ಳೆಗಳು ಸಾಲಾಗಿ ಬಂದವು. ದೇವಿ ಬಗ್ಗಿ ನೋಡಿದಳು. ನಾನು ಗಾಡಿಯಡಿ ಮಲಗಿ ರಬ್ಬರ್ ಪೈಪನ್ನು ಪಂಪಿನಿಂದ ಹಿಂದಕ್ಕೆ ಕೈಯಾಡಿಸುತ್ತ ಹೋದೆ. ಎಂಜಿನಿನ ಹಿಂಭಾಗದಲ್ಲಿ, ಪೈಪು ಚಾಸಿಗೆ ಇಳಿಯುವ ಮೂಲೆಯಲ್ಲಿ ಬೆರಳಿಗೆ ಹೊಟ್ಟು ಸಿಕ್ಕಿತು. ಟಾರ್ಚು ಬಿಟ್ಟು ನೋಡಿದರೆ ಭತ್ತದ ಹೊಟ್ಟು, ಇಲಿಯ ಹಿಕ್ಕೆ, ಕೆಂಪು ದಾರದಲ್ಲಿ ಬಿಗಿದು ಕಟ್ಟಿದ ಒಣ ಹುಲ್ಲಿನ ಕಟ್ಟು. ಪಕ್ಕದಲ್ಲೇ ಪೈಪಿನ ಮೇಲೆ ಇಲಿ ಹಲ್ಲಿನ ಗುರುತು, ಅಕ್ಕಿಕಾಳಿನಷ್ಟು ತೂತು.

ಅದು ಹೊಸ್ತಿನ ಹಬ್ಬದ ಕದಿರು. ಹೊಸ ಭತ್ತದ ತೆನೆ ಬಂದಾಗ ನಮ್ಮ ಕಡೆ ಒಳ್ಳೆಯದಾಗಲಿ ಎಂದು ಅದನ್ನು ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ, ನೇಗಿಲಿಗೆ ಎಲ್ಲಕ್ಕೂ ಕಟ್ಟುತ್ತಾರೆ. ಗಾಡಿಗೂ ಕಟ್ಟುತ್ತಾರೆ, ಆದರೆ ಎದುರಿನ ಜಾಲಿಗೋ ಕನ್ನಡಿಗೋ. ಎಂಜಿನಿನ ಹೊಟ್ಟೆಯೊಳಗೆ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಳು ತಿನ್ನಲು ಬಂದ ಇಲಿ ಕಾಳು ಮುಗಿದ ಮೇಲೆ ಪೈಪು ಕಡಿದಿತ್ತು.

"ನಾ ಕಟ್ಟಿದ್ದು ಕನ್ನಡಿಗೆ. ಇದು ನಂದಲ್ಲ" ಎಂದಳು ದೇವಿ.

ಹೊಸ ಪೈಪು ಹಾಕಿ ಗಾಳಿ ತೆಗೆದೆ. ಅರ್ಧ ಟ್ಯಾಂಕಿನಲ್ಲೇ ಅರ್ಧ ಗಂಟೆ ಚಾಲೂ ಇಟ್ಟೆವು. ಒಂದು ಸಲವೂ ತಪ್ಪಲಿಲ್ಲ.

"ತಪ್ಪಾಯ್ತು ದೇವಿ. ನಾ ಹಾಂಗೆ ಅನ್ಬಾರ್ದಿತ್ತು."

"ಇಲ್ಲಿ ನನ್ ಕಿವಿಲಿ ಹೇಳಿದ್ರೆ ಎಂತಾತು? ಅವತ್ತು ಹೇಳಿದ್ದು ಬಾವನ ಎದುರಿಗೆ. ಇವತ್ತೂ ಅವನ ಎದುರಿಗೇ ಹೇಳಿ. ಸಂಜೆಗೆ ನಾ ಕೀಲಿ ಕೊಡೂಕದೆ."

ಗಿರಾಕಿಯ ಮನೆ ಬಾಗಿಲಿಗೆ ಹೋಗಿ ನನ್ನದು ತಪ್ಪು ಎಂದು ಹೇಳಿದವನಲ್ಲ ನಾನು. ಗ್ಯಾರೇಜು ಬಿಟ್ಟು ಬರಲಾಗುವುದಿಲ್ಲ ಎಂದೆ. ಅವಳು ಕೂತ ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಕೈ ತೊಳೆದುಕೊಂಡು ಅವಳ ಪಕ್ಕದ ಸೀಟಿನಲ್ಲಿ ಕೂತೆ. ಬೇಲೆಕೇರಿಯವರೆಗೆ ಅವಳ ಕೈಯನ್ನೇ ನೋಡುತ್ತ ಹೋದೆ. ಗೇರು ಬೀಳುವುದು ಗೊತ್ತೇ ಆಗುತ್ತಿರಲಿಲ್ಲ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಹೋಗುವ ಚಟವೂ ಇಲ್ಲ. ಇಷ್ಟು ಹದವಾಗಿ ಹೊಡೆಯುವವಳಿಗೆ ನಾನು ಅಂಥ ಮಾತು ಅಂದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಜಗುಲಿಯಲ್ಲಿ ಬೀರು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದ. ಹುಲಿಯಾ ಕೀಲಿ ತೆಗೆದುಕೊಳ್ಳಲು ಆಗಲೇ ಬಂದಿದ್ದ. ನಾನು ನಿಂತೇ ಹೇಳಿದೆ.

"ಹುಲಿಯಾ, ಅವತ್ತು ನಾ ಹೇಳಿದ್ದು ತಪ್ಪು. ಇವಳ ಕೈಯಿಂದ ಎಂಜಿನ್ ಕೆಟ್ಟದ್ದಲ್ಲ. ಇಲಿ ಪೈಪು ಕಡಿದದ್ದು. ನಂಗೆ ಗೊತ್ತಾಗ್ಲಿಲ್ಲ. ಕಂಡುಹಿಡಿದದ್ದೂ ಇವಳೇ."

ಕಾಗದದಲ್ಲಿ ಸುತ್ತಿ ತಂದಿದ್ದ ಕದಿರಿನ ಕಟ್ಟನ್ನು ಬಿಚ್ಚಿ ತೋರಿಸಿದೆ. ಹುಲಿಯಾ ಅದನ್ನು ಎತ್ತಿ ನೋಡಿದ. ಅಷ್ಟು ಸುಲಭಕ್ಕೆ ಬಿಡುವವನಲ್ಲ ಅವನು.

"ಎಂಜಿನೊಳಗೆ ಕದ್ರು ಕಟ್ತಾರಾ? ಯಾರಿಗೆ ಬಂತು ಈ ಬುದ್ಧಿ?"

ಅವನು ನೋಡಿದ್ದು ದೇವಿಯ ಕಡೆ. ಉತ್ತರ ಬಂದದ್ದು ದಿಂಬಿನ ಕಡೆಯಿಂದ.

"ನಾನೇ ಕಟ್ಟಿದ್ದು" ಎಂದ ಬೀರು. "ಹೊರಗೆ ಕಟ್ಟಿದ್ದು ಹೈವೇ ಗಾಳಿಗೆ ಹಾರಿ ಹೋಗ್ತದೆ. ಒಳಗೆ ಕಟ್ಟಿದ್ರೆ ಅವಳ ಜೊತೆಗೇ ಇರ್ತದೆ ಅಂತ."

ಆ ಸೊಂಟ ಹಿಡಿದುಕೊಂಡು ಅವನು ಗಾಡಿಯ ಒಳಗೆ ಅಷ್ಟು ಕೆಳಗೆ ಹೇಗೆ ಕೈ ಹಾಕಿದನೋ ದೇವರಿಗೇ ಗೊತ್ತು. ದೇವಿ ಗಂಡನನ್ನೇ ನೋಡುತ್ತಿದ್ದಳು.

"ಮತ್ತೆ ಕೀಲಿ ಬಾವಂಗೆ ಕೊಡೂಕೆ ಒಪ್ಪಿದ್ದು ಎಂತಕ್ಕೆ? ನನ್ ಕೈ ಸರಿ ಇಲ್ಲ ಅಂತ ಅಲ್ವಾ?"

"ಅಲ್ಲ. ನಿನ್ ಕೈ ಮೇಲೆ ನಂಗೆ ಒಂದ್ ದಿನವೂ ಸಂಶಯ ಬಂದದ್ದಿಲ್ಲ." ಬೀರು ನೆಲ ನೋಡುತ್ತ ಹೇಳಿದ. "ಲಾರಿಗಳ ನಡುವೆ ನೀ ಒಬ್ಳೇ ಹೋಗೂದು. ನೀ ಬರೂ ತನಕ ನಂಗೆ ಅನ್ನ ಇಳೀತಿರ್ಲಿಲ್ಲ. ಬೇಡ ಅಂದ್ರೆ ನೀ ಬೇಜಾರ್ ಮಾಡ್ಕಳ್ತೆ. ಗಾಡಿ ಕೆಟ್ಟದ್ದೇ ಒಂದು ನೆವ ಆಯ್ತು."

ಮೂರು ತಿಂಗಳು ಊರವರ, ಬಾವನ, ನನ್ನ ಮಾತು ಕೇಳಿಯೂ ಅಳದಿದ್ದವಳು ಆಗ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಜೋರಾಗಿಯೇ ಕೇಳಿದಳು.

"ಹೆದ್ರಿಕೆ ಆಗಿದ್ರೆ ನನ್ ಹತ್ರ ಹೇಳ್ಬೇಕಿತ್ತು. ಎಂಜಿನ್ ಹತ್ರ ಎಂತಕ್ಕೆ ಹೇಳಿದ್ದು?"

ಕೀಲಿ ಅವಳ ಕೈಯಲ್ಲೇ ಇತ್ತು. ಹುಲಿಯಾ ಅದನ್ನು ಕೇಳಲಿಲ್ಲ.