ಟ್ರಾನ್ಸ್‌ಫರ್ ಅಂದರೆ

ನನ್ನ ಓರಗಿತ್ತಿ ಶಾಂತಾಳ ಓದನ್ನು ನಿಲ್ಲಿಸಿದವಳು ನಾನು. ಕಾಲೇಜಿನವರೇ ಅವಳನ್ನು ಹೊರಗೆ ಹಾಕಿದರು ಎಂದು ಮನೆಯವರೆಲ್ಲ ನಂಬಿದ್ದರು, ಅವಳೂ ನಂಬಿದ್ದಳು. ಹಾಗೆ ನಂಬಿಸಲು ನಾನು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಅವಳು ಒಂದು ಪ್ರಶ್ನೆ ಕೇಳಿದಳು, ನಾನು ‘ಹೂಂ’ ಅಂದೆ. ನಿಘಂಟು ತೆಗೆದು ನೋಡಿದರೆ ಆ ‘ಹೂಂ’ ಸುಳ್ಳೂ ಅಲ್ಲ — ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುವುದು ಅದೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಸ್ಯಾನ್ ಹೊಸೆ ಊರಿನ ಎವರ್‌ಗ್ರೀನ್‌ನಲ್ಲಿ ಎಲ್ಲರೂ ಒಂದೇ ಮನೆಯಲ್ಲಿದ್ದೆವು — ನಾನು, ನನ್ನ ಯಜಮಾನರು, ನಮ್ಮ ಪುಟ್ಟ ಮಗಳು. ಮೈದುನ ಪುಟ್ಟರಾಜು, ಅವನ ಹೆಂಡತಿ ಶಾಂತಾ. ನಾನು ಮೈಸೂರಿನವಳು, ಬಿ.ಎಸ್ಸಿ. ಮುಗಿಸಿದವಳು. ಆ ಬಿ.ಎಸ್ಸಿ.ಯನ್ನು ಮೂಗಿನ ಮೇಲೇ ಇಟ್ಟುಕೊಂಡು ಓಡಾಡುತ್ತೀಯ ಎಂದು ಯಜಮಾನರು ಛೇಡಿಸುತ್ತಿದ್ದರು. ಶಾಂತಾ ಮಂಡ್ಯದ ಹತ್ತಿರದ ಒಂದು ಹಳ್ಳಿಯವಳು. ಅವಳ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ದಾಟಿದ ಮೊದಲನೆಯವಳು ಅವಳೇ. ಹಗಲೆಲ್ಲ ಅವಳು ನನ್ನ ಮಗಳನ್ನು ನೋಡಿಕೊಳ್ಳುತ್ತಿದ್ದಳು, ನಾನು ಕಂಪ್ಯೂಟರ್ ಚಿಪ್ ತಯಾರಿಸುವ ಒಂದು ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದೆ.

ಅವಳನ್ನು ಕಮ್ಯುನಿಟಿ ಕಾಲೇಜಿಗೆ ಸೇರಿಸಿದವಳೂ ನಾನೇ. ಅದನ್ನು ಹಿರಿಮೆಗೆ ಹೇಳುತ್ತಿಲ್ಲ — ಸಂಜೆಯ ಕ್ಲಾಸು, ಯಾರು ಬೇಕಾದರೂ ಸೇರಬಹುದು, ಸ್ವಲ್ಪ ಇಂಗ್ಲಿಷ್ ಕಲಿತರೆ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಆದೀತು ಎಂಬುದು ನನ್ನ ಲೆಕ್ಕಾಚಾರ. ಅವಳು ಇಂಗ್ಲಿಷಿನ ಜೊತೆಗೆ ಗಣಿತವನ್ನೂ ಹಿಡಿದಳು. ಅಲ್ಲಿ ಯಾರನ್ನು ಏನು ಕೇಳಬೇಕು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರ ಆಫೀಸಿಗೆ ಹೋಗಿ ಅರ್ಥವಾಗದ್ದನ್ನು ಕೇಳಬಹುದೇ, ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆಯೇ, ಕೂರುವ ಜಾಗ ದಿನಾ ಅದೇ ಆಗಿರಬೇಕೇ — ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದಳು. ಇನ್ನು ಯಾರನ್ನು ಕೇಳಿಯಾಳು? ಮೊದಲ ವರ್ಷ ನನ್ನ ಮಗಳಿಗೆ ಸೀತಾಳೆ ಸಿಡುಬು ಎದ್ದು, ಮನೆ ಬಿಟ್ಟು ಹೊರಡಲಾಗದೆ ಅವಳು ಎಷ್ಟೋ ಕ್ಲಾಸು ತಪ್ಪಿಸಿಕೊಂಡಳು. ಹೀಗೇ ಆದರೆ ಮುಂದಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದು ಕಾಲೇಜಿನಿಂದ ಎಚ್ಚರಿಕೆ ಬಂತು. ಅಂದಿನಿಂದ ಅವಳ ಎದೆಯಲ್ಲಿ ಒಂದು ಅಳುಕು ಕೂತುಬಿಟ್ಟಿತು. ಆಮೇಲೆ ಒಳ್ಳೆಯ ಮಾರ್ಕ್ಸು ಬಂದಾಗಲೂ ಅದು ಹೋಗಲಿಲ್ಲ.

“ಮಾರ್ಕ್ಸು ಬಂದ್ರೇನಕ್ಕ, ನಮ್ಮಂತೋರ್ನ ಎಷ್ಟು ದಿವ್ಸ ಮಡಿಕತ್ತಾರೆ ಅವ್ರು” ಅನ್ನುತ್ತಿದ್ದಳು.

ನಾನು ನಗುತ್ತಿದ್ದೆ. ಧೈರ್ಯವನ್ನೂ ಹೇಳುತ್ತಿದ್ದೆ. ಆದರೆ ಎರಡನೆಯ ವರ್ಷದ ಹೊತ್ತಿಗೆ ನನ್ನೊಳಗೆ ಏನೋ ಕೆಟ್ಟಿತು. ಊಟಕ್ಕೆ ಕೂತಾಗ ಅವಳು “ನಮ್ ಕಾಲೇಜಲ್ಲಿ” ಎಂದು ಮಾತು ಶುರು ಮಾಡುತ್ತಿದ್ದಳು. ಆ ‘ನಮ್ಮ’ ನನಗೆ ಚುಚ್ಚುತ್ತಿತ್ತು. ಎಂ.ಎಸ್ಸಿ. ಮಾಡಬೇಕೆಂದಿದ್ದವಳು ನಾನು — ಮದುವೆ, ವೀಸಾ, ಮಗು, ಕೆಲಸ… ನನ್ನದು ಅಲ್ಲಿಗೇ ನಿಂತಿತ್ತು. ಇವಳು ಮುದ್ದೆ ಮುರಿಯುತ್ತ ಮುರಿಯುತ್ತ ನನ್ನನ್ನು ದಾಟಿ ಹೋಗುತ್ತಿದ್ದಾಳೆ ಅನ್ನಿಸಿತು. ಹೊಟ್ಟೆಕಿಚ್ಚು — ಬೇರೆ ಹೆಸರು ಇಡುವುದು ಬೇಡ.

ಒಂದು ಸಂಜೆ ಫೋನು ಬಂತು. ವಿದ್ಯಾರ್ಥಿಗಳಿಗೆ ದಾರಿ ತೋರಿಸಲೆಂದು ಆ ಕಾಲೇಜಿನಲ್ಲಿದ್ದ ಕೌನ್ಸೆಲರ್ ಒಬ್ಬರು, ವಯಸ್ಸಾದ ಹೆಂಗಸು. ಶಾಂತಾಳನ್ನು ಸೇರಿಸಲು ಹೋದಾಗ ನನಗೂ ಪರಿಚಯವಾಗಿದ್ದರು. ಸಂತೋಷದ ಸುದ್ದಿ ಅಂದರು. ಶಾಂತಾ ಬಹಳ ಚೆನ್ನಾಗಿ ಓದುತ್ತಿದ್ದಾಳೆ, ದೊಡ್ಡ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬಹುದು. ಇನ್ನೆರಡು ವರ್ಷ ಅಲ್ಲಿ ಓದಿದರೆ ಡಿಗ್ರಿ. ಸಹಾಯಧನವೂ ಸಿಗುತ್ತದೆ. ಅರ್ಜಿ ಹಾಕಲು ಈ ಶುಕ್ರವಾರ ಕೊನೆಯ ದಿನ, ಅಷ್ಟರೊಳಗೆ ಬಂದು ತಮ್ಮನ್ನು ನೋಡಲಿ ಅಂದರು. “ಅವಳ ಮನೆಯಲ್ಲಿ ಕಾಲೇಜು ಕಂಡವಳು ಅವಳೇ ಮೊದಲು ಅಲ್ಲವೇ? ಇದೆಲ್ಲ ಅವಳಿಗೆ ಹೊಸದು. ನೀವು ಬಿಡಿಸಿ ಹೇಳಿ,” ಅಂದರು. ಯೂನಿವರ್ಸಿಟಿಯ ಕ್ಲಾಸುಗಳೆಲ್ಲ ಹಗಲಿನಲ್ಲಿ ಎಂಬುದನ್ನೂ ಹೇಳಿದರು.

ಹಗಲಿನಲ್ಲಿ. ನನ್ನ ಕಿವಿ ಅಲ್ಲೇ ನಿಂತಿತು. ನನ್ನ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ? ನನ್ನ ಕೆಲಸ?

ಫೋನಿಟ್ಟೆ. ಶಾಂತಾ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.

“ಯಾರಕ್ಕ ಅದು?”

“ನಿಮ್ಮ ಕಾಲೇಜಿಂದ. ಟ್ರಾನ್ಸ್‌ಫರ್ ವಿಷ್ಯ ಅಂತೆ.”

ಅವಳ ಕೈಯಲ್ಲಿದ್ದ ಕೋಲು ನಿಂತಿತು. ನಮ್ಮ ಕಡೆಯವರಿಗೆ ಟ್ರಾನ್ಸ್‌ಫರ್ ಎಂದರೆ ಏನು ಕೇಳಿಸುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಸೋದರಮಾವ ಬಸ್ ಕಂಡಕ್ಟರು. ಮೇಲಿನವರ ಜೊತೆ ಜಗಳವಾಡಿದ್ದಕ್ಕೆ ದೂರದ ಡಿಪೋಗೆ ಟ್ರಾನ್ಸ್‌ಫರ್ ಮಾಡಿ ಅವನ ಸಂಸಾರವನ್ನೇ ಅಲ್ಲಾಡಿಸಿದ್ದರು. ಸ್ಕೂಲಿನಲ್ಲಾದರೆ ಟ್ರಾನ್ಸ್‌ಫರ್ ಸರ್ಟಿಫಿಕೇಟು — ಟಿ.ಸಿ. ಕೊಟ್ಟರು ಅಂದರೆ ಆಚೆಗೆ ಅಟ್ಟಿದರು ಎಂದೇ ಅರ್ಥ. ಹಿಂದಿನ ವಾರವಷ್ಟೇ ಮಗಳಿಗೆ ಜ್ವರ ಬಂದು ಅವಳು ಮತ್ತೆ ಕ್ಲಾಸು ತಪ್ಪಿಸಿದ್ದಳು ಬೇರೆ.

“ನನ್ನ ಕಳಿಸ್ಬುಡ್ತಾವ್ರಾ ಅಕ್ಕ?”

“ಹೂಂ,” ಅಂದೆ.

ಕಳಿಸುತ್ತಾರೆ, ನಿಜ. ಎಲ್ಲಿಗೆ ಎಂದು ಹೇಳಲು ಇನ್ನೊಂದು ಮಾತು ಸಾಕಾಗಿತ್ತು. ಸಮಯವಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ಪಾತ್ರೆಯಲ್ಲಿ ಹಿಟ್ಟು ಕೊತಕೊತ ಅನ್ನುತ್ತಿತ್ತು. ನಾನು ಹೋಗಿ ಮಗಳ ಕೈ ತೊಳೆಸಿದೆ.

ಮರುದಿನದಿಂದ ಅವಳು ಕ್ಲಾಸಿಗೆ ಹೋಗಲಿಲ್ಲ. ಬೇಡ ಅಂದವರ ಮುಂದೆ ಹೋಗಿ ನಿಲ್ಲುವುದು ಹೇಗೆ? ನಾಚಿಕೆ ಅವಳನ್ನು ಮನೆಯೊಳಗೇ ಕಟ್ಟಿಹಾಕಿತು. ವಿಚಾರಿಸೋಣ ಎಂದು ಪುಟ್ಟರಾಜು ಒಮ್ಮೆ ಅಂದ. ಬೇಡವೆಂದು ಅವನ ಕೈ ಹಿಡಿದು ಅತ್ತಳು. ಅರ್ಧಕ್ಕೆ ಬಿಟ್ಟಿದ್ದರಿಂದ ಆ ಸಲದ ಎಲ್ಲ ವಿಷಯಗಳಲ್ಲೂ ನಿಜವಾಗಿಯೇ ಫೇಲಾದಳು. ನನ್ನ ‘ಹೂಂ’ ತಾನೇ ನಡೆದುಕೊಂಡು ಹೋಗಿ ತನ್ನನ್ನು ನಿಜ ಮಾಡಿಕೊಂಡಿತು.

ಆ ಶುಕ್ರವಾರದವರೆಗೆ ಫೋನು ಬಡಿದುಕೊಂಡಾಗಲೆಲ್ಲ ನಾನು ಓಡುತ್ತಿದ್ದೆ, ಇನ್ನೊಬ್ಬರ ಕೈಗೆ ಸಿಗದಂತೆ. ಗುರುವಾರ ಸಂಜೆ ಕೌನ್ಸೆಲರ್ ಮತ್ತೆ ಮಾಡಿದರು. ಅವಳಿಗೆ ಮುಂದೆ ಓದುವ ಮನಸ್ಸಿಲ್ಲವಂತೆ ಎಂದೆ. ಈ ಸಲ ‘ಹೂಂ’ನ ಮರೆಯೂ ಇರಲಿಲ್ಲ — ಹಸಿ ಸುಳ್ಳು. “ಆರ್ ಯು ಶೂರ್?” ಅಂದರು. “ಯೆಸ್” ಅಂದೆ. ಯಾವಾಗ ಬೇಕಾದರೂ ಬರಬಹುದು ಎಂದು ಅವಳಿಗೆ ತಿಳಿಸಿ ಅಂದರು. ಅದನ್ನೂ ತಿಳಿಸಲಿಲ್ಲ.

ಸಿಕ್ಕಿಬೀಳುತ್ತೇನೆ ಎಂಬ ಭಯ ಮಾತ್ರ ನನ್ನನ್ನು ಬಿಡಲಿಲ್ಲ. ಒಮ್ಮೆ ಗ್ರೋಸರಿಯಲ್ಲಿ ಅವಳ ಕ್ಲಾಸಿನ ಮೆಕ್ಸಿಕನ್ ಹುಡುಗಿಯೊಬ್ಬಳು ದೂರದಿಂದ “ಶಾಂತಾ!” ಎಂದು ಕೂಗಿದಳು. ಸಾಮಾನಿನ ಗಾಡಿ ತಿರುಗಿಸಬೇಕು ಅನ್ನುವಷ್ಟರಲ್ಲಿ ಶಾಂತಾಳೇ ನನ್ನ ತೋಳು ಹಿಡಿದು ಕಪಾಟಿನ ಹಿಂದಕ್ಕೆ ಎಳೆದಳು. “ನನ್ನ ಓಡಿಸಿದ್ದು ಅವ್ಳಿಗೂ ಗೊತ್ತಾಗಿರ್ತದೆ, ಬನ್ನಿ ಅಕ್ಕ” ಎಂದು ಪಿಸುಗುಟ್ಟಿದಳು. ಅಕ್ಕಿ ಮೂಟೆಗಳ ಹಿಂದೆ ಇಬ್ಬರೂ ಕಳ್ಳರ ಹಾಗೆ ಬಗ್ಗಿ ನಿಂತಿದ್ದೆವು. ಕಳ್ಳಿಯಾಗಿದ್ದವಳು ಒಬ್ಬಳೇ.

ಮಗಳು ಸ್ಕೂಲಿಗೆ ಸೇರಿದಳು. ಅಲ್ಲಿಗೆ ನನ್ನ ನೆಪವೂ ಮುಗಿಯಿತು, ಆದರೂ ಬಾಯಿ ಬಿಡಲಿಲ್ಲ. ಈಗ ಹೇಳಿದರೆ ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳುತ್ತಾರೆ — ಪ್ರತಿ ವರ್ಷ ಅದೇ ಮಾತು, ಪ್ರತಿ ವರ್ಷ ಇನ್ನಷ್ಟು ಭಾರ. ಶಾಂತಾ ಬೇರೆಯವರ ಮಕ್ಕಳನ್ನು ನೋಡಿಕೊಳ್ಳತೊಡಗಿದಳು. ಆ ಮಕ್ಕಳು ಅವಳ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಕಾಲೇಜಿನ ಹೆಸರನ್ನು ಮತ್ತೆ ಎತ್ತಲಿಲ್ಲ.

ಹೀಗಿರುವಾಗ ಲತಾ ಬಂದಳು. ಹಾಸನದ ಕಡೆಯ ಹುಡುಗಿ, ಹೊಸದಾಗಿ ಮದುವೆಯಾಗಿ ನಮ್ಮ ಬೀದಿಗೆ ಬಂದವಳು. ಅವಳ ಮನೆಯಲ್ಲೂ ಓದಿದವರಿಲ್ಲ. ಒಂದು ಭಾನುವಾರ ನಮ್ಮ ಅಡುಗೆಮನೆಯಲ್ಲಿ ಅವರೇಕಾಳು ಸುಲಿಯುತ್ತ ಕೂತಿದ್ದಾಗ, “ನಾನೂ ಕಮ್ಯುನಿಟಿ ಕಾಲೇಜಿಗೆ ಸೇರ್ಬೇಕು ಅಂತಿದೀನಿ. ಶಾಂತಕ್ಕ, ನೀವು ಹೋಗ್ತಿದ್ರಂತೆ, ಹೆಂಗಿರತ್ತೆ?” ಎಂದು ಕೇಳಿದಳು.

“ಬ್ಯಾಡ ಕಣವ್ವ,” ಅಂದಳು ಶಾಂತಾ. “ಆಸೆ ಉಟ್ಟುಸ್ತಾರೆ, ಆಮೇಲೆ ಒಂದಿನ ಕಳಿಸ್ಬುಡ್ತಾರೆ. ಅದು ನಮ್ಮಂತೋರಿಗಲ್ಲ. ಅಲ್ವಾ ಅಕ್ಕ?”

ಲತಾ ನನ್ನ ಕಡೆ ತಿರುಗಿದಳು. ನಾನು ಕಾಳು ನೋಡುತ್ತ ಕೂತೆ. ಆ ಹುಡುಗಿಯ ಮುಖ ಸಣ್ಣಗಾಗುವುದನ್ನು ಕಂಡೆ. ನನ್ನ ತಪ್ಪು ಈಗ ಶಾಂತಾಳ ಬಾಯಿಂದ, ಅವಳದೇ ಕಾಳಜಿಯ ದನಿಯಲ್ಲಿ, ಇನ್ನೊಬ್ಬಳ ಮೇಲೆ ಕೈ ಇಡುತ್ತಿತ್ತು. ಇನ್ನು ಎಷ್ಟು ಜನ ಹುಡುಗಿಯರಿಗೆ… ಆಗಲೂ ತಕ್ಷಣ ಹೇಳಲಿಲ್ಲ. ಮತ್ತೆರಡು ವಾರ ತಿಂದ ಅನ್ನ ಮೈಗೆ ಹತ್ತದೆ ಓಡಾಡಿದೆ. ಕೊನೆಗೆ ಒಂದು ಮಧ್ಯಾಹ್ನ ಶಾಂತಾ ಒಬ್ಬಳೇ ಇದ್ದಾಗ ಎಲ್ಲವನ್ನೂ ಹೇಳಿದೆ — ಎರಡು ಫೋನನ್ನೂ, ಹಗಲಿನ ಕ್ಲಾಸನ್ನೂ, ಹೊಟ್ಟೆಕಿಚ್ಚನ್ನೂ.

ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು.

“ಅಂಗಾರೆ ಅವ್ರು ನನ್ನ ಬ್ಯಾಡ ಅನ್ಲಿಲ್ವಾ?” ಎಂದಳು.

“ಇಲ್ಲ ಶಾಂತಾ. ಬಾ ಅಂದಿದ್ರು.”

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಲತಾಗೆ ನೀವೇ ಯೋಳ್ಬೇಕು. ನಾನು ಆ ಮಗೀಗೆ ಸುಳ್ಳು ಯೋಳ್ಬುಟ್ಟಿವ್ನಿ,” ಅಂದಳು. ಸುಳ್ಳು ಹೇಳಿದ್ದು ತಾನು ಎಂಬಂತೆ. ಅದೇ ಸಂಜೆ ಲತಾಳ ಮನೆಗೆ ಹೋಗಿ, ಅವಳ ಗಂಡನ ಎದುರಿಗೇ ಹೇಳಿದೆ. ಮುಂದಿನ ಟರ್ಮಿಗೆ ಲತಾ ಕಾಲೇಜು ಸೇರಿದಳು.

ಆಗ ಶಾಂತಾಳಿಗೂ ಹೇಳಿದೆ — ನೀನೂ ಸೇರು, ಫೇಲಾದದ್ದನ್ನು ಮತ್ತೆ ಕಟ್ಟಬಹುದು, ವಯಸ್ಸಿನ ಅಡ್ಡಿಯಿಲ್ಲ, ನಾನೇ ಕಾರಿನಲ್ಲಿ ಬಿಡುತ್ತೇನೆ.

ಅವಳು ನನ್ನನ್ನು ನೋಡಿದಳು.

“ಅವತ್ತು ನಿಮ್ಮ ಮಾತ್ ನಂಬಿ ಬುಟ್ಟೆ. ಈಗ್ಲೂ ನಿಮ್ಮ ಮಾತ್ ನಂಬೇ ಓಗ್ಬೇಕಾ ಅಕ್ಕ?”

ಕೋಪದಿಂದ ಕೇಳಿದ್ದಲ್ಲ ಅದು. ಉತ್ತರ ಬೇಕಾಗಿಯೇ ಕೇಳಿದಳು, ಕೇಳಿ ಕಾದಳು.