ತಪ್ಪು ತಾರೀಖಿನ ಹಸಿರು

ಕೊರೊನಾ ಕಳೆದ ಮರುವರ್ಷ. ರಾಣೆಬೆನ್ನೂರಿನಲ್ಲಿ ನನ್ನದು ವೆಬ್ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಆಫೀಸು. ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದಾಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಿಂದ ಕರೆ ಬಂತು. ಯಂತ್ರಗಳ ತಪಾಸಣೆಯ ದಿನ ನೆನಪಿಸಲು ಹಿಂದೆ ಯಾರೋ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟ ಪ್ರೋಗ್ರಾಮು ಅಲ್ಲಿತ್ತು. ಅದು ಮೊಬೈಲಿನಲ್ಲೂ ಕಾಣುವಂತೆ ಮಾಡಬೇಕಿತ್ತು. ಅರ್ಧ ದಿನದ ಕೆಲಸ ಎಂದುಕೊಂಡು ಹೋದೆ.

ಮ್ಯಾನೇಜರ್ ಶಿವಾನಂದಪ್ಪ ಪರದೆ ತೋರಿಸಿದರು. ತಪಾಸಣೆಯ ಗಡುವು ಮೀರಿದ ಯಂತ್ರದ ಹೆಸರು ಕೆಂಪು, ಉಳಿದವು ಹಸಿರು. ಅಂದು ಎಲ್ಲವೂ ಹಸಿರಾಗಿದ್ದವು.

"ಇದು ಬಂದಾಗಿಂದ ಒಂದೂ ಕೆಂಪಾಗಿಲ್ರಿ ಮೇಡಮ್" ಎಂದರು ಹೆಮ್ಮೆಯಿಂದ.

ಆ ಮಾತೇ ನನಗೆ ಸರಿ ಕಾಣಲಿಲ್ಲ. ಇಷ್ಟೊಂದು ಯಂತ್ರಗಳಲ್ಲಿ ಒಂದರದ್ದಾದರೂ ಒಮ್ಮೆ ತಡವಾಗಿರಲೇಬೇಕು.

ಕೋಡ್ ತೆರೆದೆ. ನಾವು ತಾರೀಖನ್ನು ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ. ಜಾವಾಸ್ಕ್ರಿಪ್ಟು ಅದನ್ನು ಅಮೆರಿಕದವರಂತೆ ತಿಂಗಳು ಮೊದಲೆಂದು ಓದುತ್ತದೆ. ಇಲ್ಲಿಯ ತಪಾಸಣೆಗಳೆಲ್ಲ ತಿಂಗಳ ಕೊನೆಗೆ. ಇಪ್ಪತ್ತೈದನೆಯ ತಾರೀಖನ್ನು ತಿಂಗಳೆಂದು ಓದಿದರೆ, ಇಪ್ಪತ್ತೈದನೆಯ ತಿಂಗಳು ಎಲ್ಲಿಯದು? ಪ್ರೋಗ್ರಾಮು ಅದನ್ನು ‘ಇನ್‌ವ್ಯಾಲಿಡ್ ಡೇಟ್’, ಅಂದರೆ ಇಲ್ಲದ ತಾರೀಖು, ಎಂದು ಇಟ್ಟುಕೊಂಡಿತ್ತು. ಅಂಥ ತಾರೀಖು ದಾಟಿತೇ ಎಂದು ಯಾವಾಗ ಕೇಳಿದರೂ ಉತ್ತರ ‘ಇಲ್ಲ’. ಇಲ್ಲ ಎಂದರೆ ಹಸಿರು.

ಕೋಣೆಗಳನ್ನು ತಂಪಿಡುವುದು ಅಮೋನಿಯಾ ಎಂಬ ವಿಷಗಾಳಿ. ಪಟ್ಟಿಯ ತಾರೀಖುಗಳನ್ನು ನಾನೇ ಓದಿ ನೋಡಿದರೆ, ಅದು ಸೋರಿದಾಗ ಕೂಗಬೇಕಾದ ಅಲಾರಮ್ಮಿನ ತಪಾಸಣೆ ವರ್ಷಗಳಿಂದ ಆಗಿರಲಿಲ್ಲ.

ಯಂತ್ರದ ಆಪರೇಟರ್ ಮಹಾಂತೇಶನನ್ನು ಕರೆಸಿ, ಅಲಾರಮ್ ಕೂಗಿದ್ದು ಯಾವಾಗ ಎಂದು ಕೇಳಿದೆ.

"ನಾ ಬಂದಮ್ಯಾಲೆ ಕೂಗೇ ಇಲ್ರಿ."

"ಯಾರಿಗಾದ್ರೂ ಕೆಮ್ಮು, ಕಣ್ಣುರಿ?"

"ಮೆಣಸಿನಕಾಯಿ ಘಾಟಿಗೆ ಇಲ್ಲಿ ಯಾರ್ ಕೆಮ್ಮಂಗಿಲ್ಲ ಹೇಳ್ರಿ. ಆದ್ರ ನಿನ್ನೆಯಿಂದ ಹಿಂದಿನ ಶೆಡ್ಡಿನ ಹೆಣ್ಮಕ್ಕಳಿಗೆ..." ಎಂದವನು ಥಟ್ಟನೆ ಕೊಳವೆಗಳತ್ತ ತಿರುಗಿದ.

ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ನಿಜ. ಆದರೆ ಸುಗ್ಗಿಯ ಬ್ಯಾಡಗಿಯಲ್ಲಿ ಯಾರೂ ಮೂಗನ್ನು ನಂಬುವುದಿಲ್ಲ.

ಮಹಾಂತೇಶ ಗಂಧಕದ ಬತ್ತಿ ಹಚ್ಚಿಕೊಂಡು ಕೊಳವೆಗಳ ಉದ್ದಕ್ಕೂ ಹಿಡಿಯುತ್ತ ನಡೆದ. ಅಮೋನಿಯಾ ಸೋರುವಲ್ಲಿ ಅದರ ಹೊಗೆ ದಟ್ಟ ಬಿಳಿಯಾಗುತ್ತದೆ. ಹಿಂದಿನ ಶೆಡ್ಡಿನ ಗೋಡೆಯ ಬಳಿ ಹಾಗೇ ಆಯಿತು. ಗೋಡೆಯಾಚೆ ಮೋಟೆಬೆನ್ನೂರಿನ ಹೆಂಗಸರು ಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

"ಮಾಲು ತುಂಬಾಕ ಲಾರಿ ನಿಂತಾವು. ಯಂತ್ರಾ ಬಂದ್ ಮಾಡಬ್ಯಾಡ, ಸಂಜೀತನಕ ತಡಿ" ಎಂದರು ಶಿವಾನಂದಪ್ಪ.

"ತಡದ್ರ ಹೆಣಾ ಹೊರಬೇಕಾಕ್ಕೇತ್ರಿ ಸಾಹೇಬ್ರ" ಎಂದ ಮಹಾಂತೇಶ, ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಂಡು ವಾಲ್ವ್ ಮುಚ್ಚಲು ಹೋದ.

ನಾನು ಶೆಡ್ಡಿಗೆ ಓಡಿ ಎಲ್ಲರನ್ನೂ ಎಬ್ಬಿಸಿದೆ. ಗೋಡೆಗೊರಗಿ ಕೂತಿದ್ದ ಶಾಂತವ್ವ ಎಂಬಾಕೆಗೆ ಏಳಲಾಗಲಿಲ್ಲ. ನಾನೂ ಇನ್ನೊಬ್ಬ ಹೆಂಗಸೂ ರಟ್ಟೆ ಹಿಡಿದು ಎಳೆದುಕೊಂಡು ಬಂದೆವು. ಬಾಗಿಲು ದಾಟಿದ್ದೆವಷ್ಟೇ, ಒಳಗೆ ಕೊಳವೆಯ ಕೀಲು ಬಿಟ್ಟ ಸದ್ದು. ತಿರುಗಿ ನೋಡಿದರೆ ಶೆಡ್ಡಿನಲ್ಲಿ ಬಿಳಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಮಹಾಂತೇಶ ಇನ್ನೊಂದು ಬಾಗಿಲಿನಿಂದ ತೆವಳುತ್ತ ಹೊರಬಂದ. ಅಷ್ಟರಲ್ಲಿ ವಾಲ್ವ್ ಮುಚ್ಚಿದ್ದ.

ಶಾಂತವ್ವನನ್ನು ಹಾವೇರಿಯ ಆಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು. ದನಿ ಮಾತ್ರ ಮೊದಲಿನಂತಾಗಲಿಲ್ಲ.

ಪ್ರೋಗ್ರಾಮನ್ನು ಮತ್ತೆ ಬರೆದೆ. ದಿನ, ತಿಂಗಳು, ವರ್ಷವನ್ನು ಬೇರೆಬೇರೆಯಾಗಿ ಕೇಳುವಂತೆ ಮಾಡಿದೆ. ತಾರೀಖು ತುಂಬಿರದಿದ್ದರೆ ಅಥವಾ ಅರ್ಥವಾಗದಿದ್ದರೆ ಬಣ್ಣ ಕೆಂಪು. ಮರುದಿನ ಶಿವಾನಂದಪ್ಪ ಅದನ್ನು ತೆರೆದು, ಪರದೆ ತುಂಬ ಕೆಂಪು ಕಂಡು ಗಾಬರಿಯಾದರು.

"ಒಂದೇ ದಿನದಾಗ ಎಲ್ಲಾ ಕೆಟ್ಟು ಹೋದುವೇನ್ರಿ?"

"ಕೆಟ್ಟಾವೋ ಇಲ್ಲೋ ನನಗೂ ಗೊತ್ತಿಲ್ರಿ. ಹೋಗಿ ನೋಡೂತನಕ ಕೆಂಪಾಗೇ ಇರ್ಲಿ" ಎಂದೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವ ಪ್ರೋಗ್ರಾಮು ಬರೆಯಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ.