ಸುತ್ತೋಲೆ ಹೊರಡಿಸಿದ ಕಾರ್ಯದರ್ಶಿ

ನನ್ನ ದನಿ ಸ್ವಲ್ಪ ದೊಡ್ಡದು. ಅದನ್ನೇ ಉತ್ಸಾಹವೆಂದು ಬಹಳ ಕಾಲ ನಂಬಿಕೊಂಡಿದ್ದೆ. ರಾಜಧಾನಿಯ ರೋಹಿಣಿ ಬಡಾವಣೆಯ ನಮ್ಮ ಕನ್ನಡ ಬಳಗದವರೂ ಹಾಗೇ ನಂಬಿ ನನ್ನನ್ನು ಕಾರ್ಯದರ್ಶಿ ಮಾಡಿದರು. ಮೊಬೈಲು ಆಗಷ್ಟೇ ಎಲ್ಲರ ಜೇಬಿಗೂ ಬರುತ್ತಿದ್ದ ಕಾಲ. ದೊಡ್ಡ ದನಿಗೆ ಇನ್ನೂ ಬೆಲೆ ಇತ್ತು ಅನ್ನಿ.

ಬಳಗದ ಭಾನುವಾರದ ಕನ್ನಡ ತರಗತಿಗೆ ಬರುತ್ತಿದ್ದವರು ಮೂರೇ ಮಕ್ಕಳು. ಮುಂದಿನ ವಾರ ಹತ್ತು ಮಂದಿಯಾದರೂ ಸೇರದಿದ್ದರೆ ಕೋಣೆಯನ್ನು ಯೋಗದವರಿಗೆ ಕೊಟ್ಟುಬಿಡುವುದಾಗಿ ಸಮುದಾಯ ಭವನದ ಮೇಲ್ವಿಚಾರಕರು ಹೇಳಿದರು. ಆ ಮೂವರಲ್ಲಿ ಒಬ್ಬಳು ನನ್ನ ಮಗಳು ಅನು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುವವಳು. ಊರಿನಿಂದ ಅಜ್ಜಿ ಫೋನು ಮಾಡಿದರೆ ಇಬ್ಬರ ನಡುವೆ ನಾನೇ ದುಭಾಷಿ.

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ತಳ್ಳಿದವನಿಗೆ ಇನ್ನೇನು ಹೊಳೆದೀತು? ಸುತ್ತೋಲೆ ಹೊರಡಿಸಿದೆ. ‘ಎಲ್ಲ ಪೋಷಕರ ಗಮನಕ್ಕೆ ತರುವುದೇನೆಂದರೆ’ ಎಂದು ಶುರುಮಾಡಿ, ‘ಕೈಗೊಂಡ ಕ್ರಮವನ್ನು ಮೂರು ದಿನದೊಳಗೆ ವರದಿ ಮಾಡತಕ್ಕದ್ದು’ ಎಂದು ಮುಗಿಸಿ ಮನೆಮನೆಗೆ ಹಂಚಿದೆ. ಪೋಷಕರಲ್ಲಿ ಹೆಚ್ಚಿನವರು ನನ್ನಂಥ ನೌಕರರೇ. ಶಿಸ್ತಾಗಿ ‘ನೋಡಿದೆ’ ಎಂದು ಬರೆದು, ತಾರೀಖು ಹಾಕಿ, ಸಹಿಮಾಡಿ ವಾಪಸು ಕಳಿಸಿದರು. ಮಕ್ಕಳನ್ನು ಮಾತ್ರ ಕಳಿಸುವ ಸುಳಿವಿರಲಿಲ್ಲ.

ಮುಂದಾಳಿನಲ್ಲಿ ಕಿಚ್ಚಿರಬೇಕೆಂದು ಆಫೀಸಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅದು ಎಲ್ಲಿ ಸಿಗುತ್ತದೆಂದು ಹೇಳಿರಲಿಲ್ಲ. ಅದಿದ್ದದ್ದು ಪಾಠ ಹೇಳುವ ಶಾರದಮ್ಮನವರಲ್ಲಿ. ಅರವತ್ತು ದಾಟಿದ ವಯಸ್ಸು, ಮೆತ್ತಗಿನ ದನಿ, ನೋಯುವ ಮಂಡಿ. ಶನಿವಾರ ನನ್ನನ್ನೂ ಎಳೆದುಕೊಂಡು ಮನೆಮನೆಗೆ ಹೊರಟರು. ಲಿಫ್ಟಿಲ್ಲದ ಫ್ಲ್ಯಾಟುಗಳು. ಮೂರನೆಯ ಮಹಡಿಯಲ್ಲಿ ನಾನು ಗೋಡೆಗೊರಗಿ ಏದುಸಿರು ಬಿಡುತ್ತಿದ್ದರೆ, ಅವರು ಒಳಗೆ ಮಕ್ಕಳ ಮುಂದೆ ಕೂತು ಅರ್ಧ ಕತೆ ಹೇಳಿ ಎದ್ದು ಬಂದಾಗಿರುತ್ತಿತ್ತು. ‘ಆಗೇ ಕ್ಯಾ ಹುವಾ?’, ಆಮೇಲೇನಾಯಿತು, ಎಂದು ಮಕ್ಕಳು ಬಾಗಿಲವರೆಗೂ ಬಂದು ಪೀಡಿಸುತ್ತಿದ್ದರು.

“ನಾಳೆ ಹತ್ತು ಗಂಟೆಗೆ,” ಎಂದಷ್ಟೇ ಅವರ ಉತ್ತರ.

ಭಾನುವಾರ ಹದಿನಾಲ್ಕು ಮಕ್ಕಳು ಬಂದರು. ಮೇಲ್ವಿಚಾರಕರು ಎರಡು ಸಲ ಎಣಿಸಿ, ಚಲೋ ಠೀಕ್ ಹೈ ಎನ್ನುತ್ತ ಹೊರಟುಹೋದರು. ಕೋಣೆ ಉಳಿಯಿತು. ನಾನು ಗಂಟಲು ಸರಿಮಾಡಿಕೊಂಡು ನಾಲ್ಕು ಮಾತಾಡಲು ಎದ್ದು ನಿಂತೆ. ಮೊದಲು ಜಮಖಾನ ಹಾಸಿಬಿಡಿ ಎಂದರು ಶಾರದಮ್ಮ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅನು.

“ಅಪ್ಪಾ, ಹಾಗಲ್ಲ. ಆ ಕಡೆ ಎಳಿ,” ಅಂದಳು ಅನು, ಅಚ್ಚ ಕನ್ನಡದಲ್ಲಿ.

ಸಿದ್ಧಮಾಡಿಕೊಂಡಿದ್ದ ಭಾಷಣವೆಲ್ಲ ಮರೆತುಹೋಯಿತು. ಕಣ್ಣು ಒದ್ದೆಯಾಯಿತು. ಅವಳು ಹೇಳಿದ ಕಡೆಗೆ ಎಳೆದೆ.